ಸೆನೆಟ್ ಮಾದರಿ ನಮಗೂ ಬೇಕು ಅನ್ನೋರಿಗೆ

ಕ್ಷೇತ್ರ ಮರುವಿಂಗಡಣೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ: ಅಮೆರಿಕದ ಮೇಲ್ಮನೆ ಸೆನೆಟ್ ಥರ ರಾಜ್ಯಸಭೆಯಲ್ಲೂ ಎಲ್ಲ ರಾಜ್ಯಕ್ಕೂ ಸಮ ಸೀಟು ಕೊಡಿ, ದಕ್ಷಿಣ ಬಚಾವ್. ಕೇಳೋಕೆ ಚೆನ್ನಾಗಿದೆ. ಆದರೆ ಆ ಸಮಪಾಲು ದೊಡ್ಡ ತತ್ವದಿಂದ ಬಂದಿದ್ದಲ್ಲ, ಹಗ್ಗಜಗ್ಗಾಟದಲ್ಲಿ ಬಂದಿದ್ದು.

1787, ಫಿಲಡೆಲ್ಫಿಯಾ. ಅಮೆರಿಕದ ರಾಜ್ಯಗಳ ಪ್ರತಿನಿಧಿಗಳು ಕದ ಹಾಕಿಕೊಂಡು ಸಂವಿಧಾನ ಬರೆಯುತ್ತಿದ್ದರು. ಎರಡು ಸದನ ಇರಲಿ, ಎರಡರಲ್ಲೂ ದೊಡ್ಡ ರಾಜ್ಯಕ್ಕೆ ಜಾಸ್ತಿ ಪಾಲು ಅಂತ ವರ್ಜೀನಿಯಾ. ಒಂದೇ ಸದನ ಸಾಕು, ರಾಜ್ಯಕ್ಕೊಂದು ಓಟು ಅಂತ ನ್ಯೂಜೆರ್ಸಿ. ಪುಟ್ಟ ರಾಜ್ಯ ಡೆಲವೇರ್‌ನ ಪ್ರತಿನಿಧಿ ಗನ್ನಿಂಗ್ ಬೆಡ್‌ಫರ್ಡ್ ಅಂತೂ ದೊಡ್ಡ ರಾಜ್ಯಗಳಿಗೆ, ನೀವು ಕೈಬಿಟ್ಟರೆ ನಮ್ಮ ಕೈ ಹಿಡಿಯೋಕೆ ಬೇರೆ ದೇಶದವರಿದ್ದಾರೆ ಅಂತಲೇ ಹೆದರಿಸಿದ.

ಜುಲೈ 2ರಂದು ಸೆನೆಟ್‌ನಲ್ಲಿ ಸಮಪಾಲು ಬೇಕೋ ಬೇಡವೋ ಅಂತ ಮತಕ್ಕೆ ಹಾಕಿದರು, ರಾಜ್ಯಕ್ಕೊಂದೇ ಓಟು. ಮೇರಿಲ್ಯಾಂಡ್‌ನ ಒಬ್ಬ ಪ್ರತಿನಿಧಿ ಆ ಹೊತ್ತಿಗೆ ಕೋಣೆಯಲ್ಲೇ ಇರಲಿಲ್ಲ. ಉಳಿದ ಲೂಥರ್ ಮಾರ್ಟಿನ್ ಒಬ್ಬನೇ ರಾಜ್ಯದ ಓಟನ್ನು ಸಮಪಾಲಿಗೆ ಹಾಕಿದ. ಜಾರ್ಜಿಯಾದಿಂದ ಇದ್ದವರೇ ಇಬ್ಬರು, ಒಬ್ಬ ಆ ಕಡೆ, ಇನ್ನೊಬ್ಬ ಈ ಕಡೆ, ಹಾಗಾಗಿ ಆ ರಾಜ್ಯದ ಓಟು ಯಾರಿಗೂ ಇಲ್ಲ. ಲೆಕ್ಕ 5–5, ಸಮಸಮ! ಆಮೇಲೆ ಸಮಿತಿ, ಚೌಕಾಸಿ. ಕೆಳಮನೆಗೆ ಜನಸಂಖ್ಯೆ, ಮೇಲ್ಮನೆಗೆ ಸಮಪಾಲು. ಜನಸಂಖ್ಯೆಯಲ್ಲಿ ಗುಲಾಮರನ್ನು ಐದಕ್ಕೆ ಮೂರರಂತೆ ಲೆಕ್ಕ ಹಿಡಿಯುವ ಕರಾರೂ ಅದೇ ಗಂಟಿನಲ್ಲಿತ್ತು. ಜುಲೈ 16ರಂದು ಪಾಸಾಗಿದ್ದು 5–4ರಲ್ಲಿ. ಮ್ಯಾಸಚೂಸೆಟ್ಸ್‌ನವರು ತಮ್ಮಲ್ಲೇ ಎರಡು ಪಾಲಾಗಿದ್ದರು, ಇಲ್ಲದಿದ್ದರೆ ಕಥೆಯೇ ಬೇರೆ.

ಇಲ್ಲಿಯವರೆಗೆ ನನ್ನ ತಕರಾರಿಲ್ಲ. ರಾಜಿ ಆಗದಿದ್ದರೆ ಒಕ್ಕೂಟವೇ ಕಷ್ಟವಿತ್ತು. ತಕರಾರು ಇರೋದು ಸೆಪ್ಟೆಂಬರ್ 15ರ ಬಗ್ಗೆ. ಸಹಿ ಹಾಕೋಕೆ ಇನ್ನೆರಡು ದಿನ. ಸಣ್ಣ ರಾಜ್ಯಗಳು ಗೊಣಗುತ್ತಿದ್ದವು. ಸುಮ್ಮನಾಗಿಸಲು ಒಂದು ಸಾಲು ಸೇರಿಸಿದರು: ರಾಜ್ಯವೇ ಒಪ್ಪದೆ ಸೆನೆಟ್‌ನಲ್ಲಿ ಅದರ ಸಮಪಾಲು ಕಿತ್ತುಕೊಳ್ಳುವಂತಿಲ್ಲ. ಚರ್ಚೆಯೇ ಆಗಲಿಲ್ಲ. ಬೇಸಿಗೆಯಿಡೀ ಜಗಳವಾಡಿದವರು ಶಾಶ್ವತ ಬೀಗ ಜಡಿಯುವಾಗ ಬಾಯಿ ತೆರೆಯಲಿಲ್ಲ ಅಂದ್ರೆ! ಎಲ್ಲರಿಗೂ ಮನೆ ಸೇರುವ ಆತುರವೋ ಏನೋ.

1790ರ ಜನಗಣತಿಯಲ್ಲಿ ವರ್ಜೀನಿಯಾ ಡೆಲವೇರ್‌ಗಿಂತ ಸುಮಾರು 12–13 ಪಟ್ಟು ದೊಡ್ಡದು. 2020ರಲ್ಲಿ ಕ್ಯಾಲಿಫೋರ್ನಿಯಾ ವಯೋಮಿಂಗ್‌ನ ಸುಮಾರು 68 ಪಟ್ಟು. ಇಬ್ಬರಿಗೂ ತಲಾ ಎರಡೇ ಸೀಟು.

ಇನ್ನು ನಮ್ಮ ಲೆಕ್ಕ. ರಾಜ್ಯಸಭೆಯ 233 ಚುನಾಯಿತ ಸೀಟುಗಳಲ್ಲಿ ಕರ್ನಾಟಕಕ್ಕೆ 12, ಅಂದರೆ ಶೇ 5ಕ್ಕಿಂತ ಸ್ವಲ್ಪ ಜಾಸ್ತಿ. 28 ರಾಜ್ಯಕ್ಕೂ ಸಮ ಹಂಚಿದರೆ ಶೇ 4ಕ್ಕಿಂತ ಕಡಿಮೆ ಆಗುತ್ತದೆ. ದಕ್ಷಿಣದ ಐದು ರಾಜ್ಯಕ್ಕೆ ಈಗ 57 ಸೀಟು, ಹತ್ತಿರ ಹತ್ತಿರ ಕಾಲು ಭಾಗ. ಸಮಪಾಲಾದರೆ 28ರಲ್ಲಿ ಐದು, ಶೇ 18ಕ್ಕೂ ಕಡಿಮೆ. ಉತ್ತರ ಪ್ರದೇಶದ ಬಲ ಕುಗ್ಗುತ್ತೆ, ಸರಿ. ನಮ್ಮದೂ ಕುಗ್ಗುತ್ತಲ್ವಾ? ಲಾಭವಾಗೋದು ಸಿಕ್ಕಿಂಗೆ, ಗೋವಾಕ್ಕೆ, ಮಿಜೋರಾಂಗೆ.