ಸಂಕಲನಕಾರ ಮೈಕೆಲ್ ಕಾನ್ 2011ರವರೆಗೂ ಸ್ಪೀಲ್‌ಬರ್ಗ್ ಚಿತ್ರಗಳಿಗೆ ಕಂಪ್ಯೂಟರ್ ಬಿಟ್ಟು ರೀಲನ್ನೇ ಕತ್ತರಿಸಿದ್ದು ಸರಿಯೇ?

ಪರ: ಕತ್ತರಿಸುವ ಮೊದಲೇ ಯೋಚನೆ ಮುಗಿದಿರುತ್ತಿತ್ತು

35 ಎಂಎಂ ಫಿಲ್ಮಿನ ಒಂದಡಿಗೆ 16 ಫ್ರೇಮು. ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ; ಸಾವಿರ ಅಡಿಯ ರೀಲು ಸುಮಾರು 11 ನಿಮಿಷಕ್ಕೆ ಖಾಲಿ. ಟಿವಿ ಧಾರಾವಾಹಿಗಳಲ್ಲಿ ಪಳಗಿ, 1977ರಲ್ಲಿ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಮೂಲಕ ಸ್ಟೀವನ್ ಸ್ಪೀಲ್‌ಬರ್ಗ್ ಜೊತೆಗೂಡಿದ ಕಾನ್ ಕೈಗೆ ಈ ಲೆಕ್ಕ ಚೆನ್ನಾಗಿ ಕೂತಿತ್ತು.

ಒಂದು ಕಟ್ ಮಾಡುವುದೆಂದರೆ ಎಷ್ಟು ಕೆಲಸ ನೋಡಿ. ಫಿಲ್ಮ್ ನೋಡುವ ಯಂತ್ರವಾದ ಮೂವಿಯೋಲಾದಲ್ಲಿ ಶಾಟ್ ಓಡಿಸಿ, ಬೇಕಾದ ಫ್ರೇಮಿಗೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಬೇಕು. ಫಿಲ್ಮ್ ಕತ್ತರಿಸಿ ಅಂಟಿಸುವ ಸ್ಪ್ಲೈಸರಿನ ಹಲ್ಲುಗಳಿಗೆ ಫಿಲ್ಮಿನ ರಂಧ್ರ ಕೂರಿಸಿ ಬ್ಲೇಡು ಒತ್ತಬೇಕು. ಎರಡು ತುದಿಗಳನ್ನು ಟೇಪಿನಿಂದ ಅಂಟಿಸಿ, ಧ್ವನಿಯ ಮ್ಯಾಗ್ನೆಟಿಕ್ ಪಟ್ಟಿಗೂ ಅದನ್ನೇ ಮಾಡಬೇಕು. ಮಿಕ್ಕ ತುಂಡು, ತುಂಡುಗಳನ್ನು ತೂಗುಹಾಕುವ ಡಬ್ಬಿಯಾದ ಟ್ರಿಮ್ ಬಿನ್ನಿನ ಪಿನ್ನಿಗೆ. ಇಷ್ಟು ಮಾಡಬೇಕೆಂದು ಗೊತ್ತಿರುವವನು ಬ್ಲೇಡು ಒತ್ತುವ ಮೊದಲು ‘ಇದೇ ಫ್ರೇಮು ಯಾಕೆ?’ ಎಂದು ಕೇಳಿಕೊಂಡೇ ಕೇಳಿಕೊಳ್ಳುತ್ತಾನೆ.

ಇನ್ನೊಂದು ಲಾಭವಿದೆ, ನಮ್ಮ ಮಟ್ಟಿಗೆ ಅದೇ ದೊಡ್ಡದು. ರೀಲಿನ ನಡುವಿರುವ ಟೇಕ್ (ಒಂದೇ ಶಾಟನ್ನು ಮತ್ತೆಮತ್ತೆ ಚಿತ್ರೀಕರಿಸಿದ್ದರಲ್ಲಿ ಒಂದು) ಬೇಕಾದರೆ ಅದಕ್ಕೂ ಮುಂಚಿನದೆಲ್ಲ ಕಣ್ಣೆದುರು ಓಡಲೇಬೇಕು. ಬೇಡವೆಂದು ಬಿಟ್ಟ ಟೇಕಿನಲ್ಲಿ ನಟ ಕಣ್ಣು ತಿರುಗಿಸಿದ ಕ್ಷಣ ಆಗ ಮತ್ತೆ ಕಾಣುತ್ತದೆ. ಕಂಪ್ಯೂಟರ್ ನೇರವಾಗಿ ಕೇಳಿದ ಟೇಕಿಗೇ ನೆಗೆಯುತ್ತದೆ. ಕೇಳದ್ದು ಕಾಣುವುದೇ ಇಲ್ಲ.

ಫಲ ಕಣ್ಣಮುಂದಿದೆ. ಸಂಕಲನಕಾರ ವಾಲ್ಟರ್ ಮರ್ಚ್ 1996ರ ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರಕ್ಕೆ ಸಂಕಲನದ ಆಸ್ಕರ್ ಗೆದ್ದಾಗ, ಕಂಪ್ಯೂಟರಿನಲ್ಲಿ ಸಂಕಲನಗೊಂಡ ಚಿತ್ರವೊಂದಕ್ಕೆ ಆ ಪ್ರಶಸ್ತಿ ಮೊದಲ ಸಲ ಬಂತು. ಎರಡು ವರ್ಷದ ನಂತರದ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರವನ್ನು ಕಾನ್ ರೀಲಿನಲ್ಲೇ ಕಟ್ಟಿದರು. ಒಮಾಹಾ ತೀರದ ಯುದ್ಧದ ಆ ಗೊಂದಲದಲ್ಲೂ ಯಾವ ಸೈನಿಕ ಎಲ್ಲಿದ್ದಾನೆಂಬುದು ತಪ್ಪಿಹೋಗುವುದಿಲ್ಲ. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’, 1993ರ ‘ಶಿಂಡ್ಲರ್ಸ್ ಲಿಸ್ಟ್’ ಬಳಿಕ ಅದು ಅವರ ಮೂರನೆಯ ಆಸ್ಕರ್.

ವಿರೋಧ: ದೃಶ್ಯದ ಎರಡನೆಯ ರೂಪ ಎಲ್ಲಿತ್ತು?

ಕಾನ್ ಪ್ರತಿಭೆಯ ಬಗ್ಗೆ ತಕರಾರಿಲ್ಲ. ಆ ಪ್ರತಿಭೆಯ ಪುಣ್ಯವನ್ನು ಟೇಪಿಗೂ ಬ್ಲೇಡಿಗೂ ಕಟ್ಟುವುದಕ್ಕೆ ನಮ್ಮ ವಿರೋಧ.

ಸಂಕಲನಕಾರನ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ನೆಗೆಟಿವ್‌ನಿಂದ ಸಂಕಲನಕ್ಕೆಂದು ತೆಗೆದ ಒಂದೇ ಪ್ರತಿ, ಅಂದರೆ ವರ್ಕ್‌ಪ್ರಿಂಟ್. ದೃಶ್ಯವನ್ನು ಬೇರೆ ಥರ ಕಟ್ಟಿ ನೋಡಬೇಕಾದರೆ ಮೊದಲು ಕಟ್ಟಿದ್ದನ್ನು ಬಿಚ್ಚಬೇಕು, ಇಲ್ಲವೇ ಲ್ಯಾಬಿನಿಂದ ಇನ್ನೊಂದು ಪ್ರಿಂಟ್ ತರಿಸಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ನಿರ್ದೇಶಕನಿಗೆ ತೋರಿಸುವ ಅನುಕೂಲ ಅಲ್ಲಿರಲಿಲ್ಲ. ಒಂದೇ ಜಾಗದಲ್ಲಿ ಮತ್ತೆಮತ್ತೆ ಟೇಪು ಕಿತ್ತರೆ ರಂಧ್ರದ ಅಂಚು ಹರಿಯುತ್ತದೆ. ಹರಿದ ಫ್ರೇಮಿನ ಜಾಗಕ್ಕೆ ಅಷ್ಟೇ ಉದ್ದದ ಕಪ್ಪು ಫಿಲ್ಮ್ ಸೇರಿಸದಿದ್ದರೆ ಅಲ್ಲಿಂದ ಮುಂದಕ್ಕೆ ಧ್ವನಿ ಜಾರುತ್ತದೆ. ಎರಡು ಫ್ರೇಮು ಜಾರಿದರೂ ಸಾಕು, ತುಟಿ ಒಂದು ಕಡೆ ಮಾತು ಒಂದು ಕಡೆ. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಬೇಕೆಂದರೆ ವರ್ಕ್‌ಪ್ರಿಂಟ್ ಮೇಲೆ ಪೆನ್ಸಿಲಿನ ಓರೆಗೆರೆ ಮಾತ್ರ. ನಿಜವಾದ ಡಿಸಾಲ್ವ್ ಲ್ಯಾಬಿನಿಂದ ಬರುವವರೆಗೆ ಊಹೆಯಲ್ಲೇ ಕೆಲಸ.

ಗ್ರಾಫಿಕ್ಸ್ ತುಂಬಿದ ಚಿತ್ರಗಳಲ್ಲಿ ತೊಡಕು ಇನ್ನೂ ಹೆಚ್ಚು. ಕಂಪ್ಯೂಟರಿನಲ್ಲಿ ತಯಾರಾದ ಶಾಟನ್ನು ವರ್ಕ್‌ಪ್ರಿಂಟಿಗೆ ಜೋಡಿಸಬೇಕಾದರೆ ಮೊದಲು ಫಿಲ್ಮಿಗೆ ಇಳಿಸಬೇಕು. ಶಾಟ್ ತಿದ್ದಿದಾಗಲೆಲ್ಲ ಅದೇ ಕೆಲಸ. 2008ರ ಇಂಡಿಯಾನಾ ಜೋನ್ಸ್ ಚಿತ್ರದವರೆಗೂ ಹೀಗೆ ನಡೆಯಿತು. ಅಷ್ಟು ಕಾಲ, ಅಷ್ಟು ಹಣ, ಅಷ್ಟು ಸಹಾಯಕರು ಸ್ಪೀಲ್‌ಬರ್ಗ್ ಹೆಸರಿನ ಬಲವಿಲ್ಲದ ಸಂಕಲನಕಾರನಿಗೆ ಸಿಗುವಂಥದ್ದಲ್ಲ. ಹಾಗಾಗಿ ಕಲಿಯುವವರಿಗೆ ಇದನ್ನು ಮಾದರಿಯೆಂದು ತೋರಿಸುವುದು ಅನ್ಯಾಯ.

ಬಿಟ್ಟ ಟೇಕುಗಳನ್ನು ಮತ್ತೆ ನೋಡಬೇಕೇ? ಕಂಪ್ಯೂಟರಿನ ಸಂಕಲನ ತಂತ್ರಾಂಶವಾದ ಅವಿಡ್‌ನಲ್ಲೂ ದಿನದ ಟೇಕುಗಳನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿ ಮೊದಲಿಂದ ಕೊನೆವರೆಗೆ ಓಡಿಸಬಹುದು. ಅದು ಸಂಕಲನಕಾರ ರೂಢಿಸಿಕೊಳ್ಳಬೇಕಾದ ಅಭ್ಯಾಸ.

2011ರ ‘ಟಿನ್‌ಟಿನ್’ ಚಿತ್ರಕ್ಕೆ ಕ್ಯಾಮೆರಾ ನೆಗೆಟಿವ್ ಎಂಬುದೇ ಇರಲಿಲ್ಲ, ಹಾಗಾಗಿ ಅಲ್ಲಿ ಕಂಪ್ಯೂಟರ್ ಬಿಟ್ಟು ಬೇರೆ ದಾರಿಯಿರಲಿಲ್ಲ ಎನ್ನೋಣ. ಆದರೆ ಅದೇ 2011ರ ‘ವಾರ್ ಹಾರ್ಸ್’ ಫಿಲ್ಮಿನಲ್ಲೇ ಚಿತ್ರೀಕರಣವಾಗಿತ್ತು. ವರ್ಕ್‌ಪ್ರಿಂಟ್ ತೆಗೆಸಿ ಹಳೆಯ ಹಾದಿ ಹಿಡಿಯಲು ಅಡ್ಡಿಯೇನಿರಲಿಲ್ಲ. ಕಾನ್ ಅದನ್ನು ಅವಿಡ್‌ನಲ್ಲೇ ಸಂಕಲನ ಮಾಡಿದರು. 2012ರ ‘ಲಿಂಕನ್’ ಕೂಡ ಹಾಗೆಯೇ. 2017ರ ‘ದಿ ಪೋಸ್ಟ್’ ಹೊತ್ತಿಗೆ, ಮುಂಚೆ ಅವರ ಸಹಾಯಕಿಯಾಗಿದ್ದ ಸಾರಾ ಬ್ರೋಶರ್ ಹೆಸರು ಸಂಕಲನಕಾರರ ಸಾಲಿನಲ್ಲಿ ಅವರ ಪಕ್ಕದಲ್ಲೇ ಬಂತು. ಅಷ್ಟರಲ್ಲಿ ಆ ಕೋಣೆಯಿಂದ ಟ್ರಿಮ್ ಬಿನ್ ಹೊರಹೋಗಿ ವರ್ಷಗಳಾಗಿದ್ದವು.