ಕುದುರೆ ಮೇಲಿಂದ ಕಂಡ ಅಮೆರಿಕ

ಪ್ರಶ್ನೆ: ವಸಾಹತು ಕಾಲದ ಅಮೆರಿಕದ ಜನ ಹೇಗೆ ಬದುಕುತ್ತಿದ್ದರು ಎಂದು ತಿಳಿಯಲು ಪ್ರವಾಸಿಗಳ ದಿನಚರಿಗಳನ್ನು ನೆಚ್ಚಬಹುದೇ?

ಪರ

1704ರ ಅಕ್ಟೋಬರ್‌ 2ರಂದು ಬಾಸ್ಟನ್ನಿನ ಸಾರಾ ಕೆಂಬಲ್ ನೈಟ್ ಕುದುರೆ ಹತ್ತಿದಳು. ವಯಸ್ಸು 38. ಅಂಗಡಿ ನೋಡಿಕೊಂಡು, ಊರವರ ಕಾಗದಪತ್ರ ಬರೆದುಕೊಟ್ಟು ಬಾಳುತ್ತಿದ್ದವಳಿಗೆ ನ್ಯೂ ಹೇವನ್‌ನಲ್ಲಿ ನೆಂಟರ ಆಸ್ತಿ ವ್ಯವಹಾರವೊಂದಿತ್ತು. ಒಮ್ಮೆ ಅಂಚೆ ಸವಾರನ ಹಿಂದೆ, ಇನ್ನೊಮ್ಮೆ ಕಾಸು ಕೊಟ್ಟು ಗೊತ್ತುಮಾಡಿದ ದಾರಿ ತೋರುವವನ ಹಿಂದೆ ಹೋಗಿ, ನ್ಯೂಯಾರ್ಕನ್ನೂ ನೋಡಿಕೊಂಡು, ಮುಂದಿನ ಮಾರ್ಚ್‌ನಲ್ಲಿ ಮನೆ ಸೇರಿದಳು. ದಾರಿಯುದ್ದಕ್ಕೂ ಬರೆದಳು.

ಒಂದು ಹೊಳೆ ದಾಟಲು ಸಿಕ್ಕಿದ್ದು ಪುಟ್ಟ, ಆಳವಿಲ್ಲದ ದೋಣಿ. ಎರಡೂ ಅಂಚು ಬಿಗಿಹಿಡಿದು ಕೂತಳು. ಬಾಯೊಳಗಿನ ನಾಲಿಗೆ ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ಸರಿದರೂ ದೋಣಿ ಮಗುಚೀತೆಂಬ ಭಯ. ಒಂದು ಛತ್ರದಲ್ಲಿ ಹಂದಿಮಾಂಸ, ಎಲೆಕೋಸು ಬಡಿಸಿದರು. ಸಾರಿನ ಬಣ್ಣ ಎಷ್ಟು ನೇರಳೆಯಾಗಿತ್ತೆಂದರೆ ಬಟ್ಟೆಗೆ ಬಣ್ಣ ಹಾಕುವ ಹಂಡೆಯಲ್ಲೇ ಬೇಯಿಸಿದ್ದಾರೆಂದುಕೊಂಡಳು. ಗಂಟಲಿಳಿದ ಅಷ್ಟಿಷ್ಟು ದಿನವಿಡೀ ಮೆಲುಕು ಹಾಕುವುದಕ್ಕಾಯಿತಂತೆ. ಇನ್ನೊಂದು ರಾತ್ರಿ ಪಕ್ಕದ ಕೋಣೆಯ ಕುಡುಕರಿಗೆ ನಾರಗ್ಯಾನ್ಸೆಟ್ ಎಂಬ ಸೀಮೆಯ ಹೆಸರು ಎಲ್ಲಿಂದ ಬಂತು ಎಂಬ ಬಗ್ಗೆ ಜಗಳ. ನಿದ್ದೆ ಬಾರದೆ ಎದ್ದು ಕೂತವಳು ಅವರು ಕುಡಿಯುತ್ತಿದ್ದ ರಮ್ ಮದ್ಯಕ್ಕೇ ಪದ್ಯ ಕಟ್ಟಿದಳು: ತಾಯೇ, ಇವರ ನಾಲಿಗೆ ಕಟ್ಟಿ ಮಲಗಿಸು ಎಂಬಂಥ ಮೊರೆ.

ತಮಾಷೆಗೆ ಓದುವವರು ಓದಲಿ. ನನಗೆ ಮುಖ್ಯವಾದದ್ದು ಕನೆಕ್ಟಿಕಟ್‌ನ ಅಂಗಡಿ. ಗಿರಾಕಿ ಸಾಮಾನು ಕೇಳಿದರೆ ವ್ಯಾಪಾರಿ ಮೊದಲು ಕೇಳುವುದು, ಹೇಗೆ ಕೊಡುತ್ತೀ? ಅಸೆಂಬ್ಲಿ ಗೊತ್ತುಮಾಡಿದ ದರದಲ್ಲಿ ಕಾಳುಕಡ್ಡಿ, ಮಾಂಸ ಕೊಡುವುದು ಒಂದು ಬಗೆ. ಬೆಳ್ಳಿ ನಾಣ್ಯ ಇನ್ನೊಂದು. ಅದೇ ಕಾಳುಕಡ್ಡಿಯನ್ನು ಆ ದರಕ್ಕಿಂತ ಮೂರನೇ ಒಂದು ಪಾಲು ಅಗ್ಗಕ್ಕೆ ಹಾಕಿ ಕೊಡುವುದು ಮತ್ತೊಂದು. ಕೊನೆಯದು ಉದ್ರಿ. ನಗದಿಗೆ 6 ಪೆನ್ನಿಯ ಚಾಕು, ಸರಕಾರಿ ದರದ ಕಾಳಿಗೆ 12 ಪೆನ್ನಿ, ಅಗ್ಗದ ಕಾಳಿಗೆ 8. ನಾಣ್ಯಕ್ಕೆ ಬರಗಾಲವಿದ್ದ ಸೀಮೆಯ ಅರ್ಥಶಾಸ್ತ್ರ ಒಂದು ಚಾಕುವಿನಲ್ಲಿದೆ.

ಅದೇ ಅಂಗಡಿಗೆ ಹಳ್ಳಿಯವನೊಬ್ಬ ಬರುತ್ತಾನೆ, ಕೆನ್ನೆ ತುಂಬ ಹೊಗೆಸೊಪ್ಪು. ನಡುಮನೆಯಲ್ಲಿ ಉಗಿದು, ಕಾಲಿನಿಂದ ಮಣ್ಣು ಎಳೆದು ಮುಚ್ಚಿ, ಬುಟ್ಟಿಯಿಂದ ಬಿಟ್ಟ ಬೆಕ್ಕಿನ ಹಾಗೆ ಸುತ್ತ ನೋಡುತ್ತಾನೆ. ಆಮೇಲೆ ಟೋಪಿಗೆ ಕಟ್ಟುವ ರಿಬ್ಬನ್ ಇದೆಯೇ ಎನ್ನುತ್ತಾನೆ. ದರ ನಿಗದಿಯ ಆದೇಶ ಕಡತದಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಹಳ್ಳಿಗನೊಬ್ಬ ಮಾತಿಗೆ ತಡವರಿಸುತ್ತಿದ್ದ ಪರಿ ಯಾವ ಕಡತದಲ್ಲಿ ಸಿಕ್ಕೀತು? ನೈಟ್‌ ನಗುತ್ತಾಳೆ, ನಿಜ. ಆದರೆ ನಗುವವರ ಕಣ್ಣು ಚುರುಕಾಗಿರುತ್ತದೆ.

ನೈಟ್ ಒಬ್ಬಳೇ ಅಲ್ಲ. 1679ರಲ್ಲಿ ಬಂದ ಡಚ್ ಪ್ರವಾಸಿ ಯಾಸ್ಪರ್ ಡಾಂಕರ್ಟ್ಸ್, ಈಗ ಕೊಳಕು ಕಾಲುವೆಗೆ ಹೆಸರಾದ ಬ್ರೂಕ್ಲಿನ್‌ನ ಗೋವಾನಸ್‌ನಲ್ಲಿ ಅಡಿಯುದ್ದದ ಸಿಂಪಿ ಕಂಡ. ಮೇರಿಲ್ಯಾಂಡಿನ ವೈದ್ಯ ಅಲೆಕ್ಸಾಂಡರ್ ಹ್ಯಾಮಿಲ್ಟನ್ (ಡಾಲರ್ ನೋಟಿನ ಮೇಲಿರುವವನಲ್ಲ, ಬೇರೆ ಆಸಾಮಿ) 1744ರಲ್ಲಿ ಆರೋಗ್ಯಕ್ಕೆಂದು ನಾಲ್ಕು ತಿಂಗಳು ಸುತ್ತಿದ. ಫಿಲಡೆಲ್ಫಿಯಾದ ಛತ್ರವೊಂದರಲ್ಲಿ 25 ಜನರ ಜೊತೆ ಉಂಡ. ಸ್ಕಾಟರು, ಇಂಗ್ಲಿಷರು, ಡಚ್ಚರು, ಜರ್ಮನರು, ಐರಿಷರು, ಹತ್ತಾರು ಪಂಥದ ಕ್ರೈಸ್ತರು, ಒಬ್ಬ ಯಹೂದಿ. ಮನೆಯವನಿಗೆ ಮಾಮೂಲಾದದ್ದು ಬರಹಕ್ಕೆ ಇಳಿಯುವುದಿಲ್ಲ. ಹೊರಗಿನವನಿಗೆ ಅದು ವಿಚಿತ್ರ, ಹಾಗಾಗಿ ಬರೆದಿಡುತ್ತಾನೆ.

ವಿರೋಧ

ಅದೇ ಹ್ಯಾಮಿಲ್ಟನ್‌ನ ದಿನಚರಿಯಿಂದ ಶುರು ಮಾಡುತ್ತೇನೆ. ಹಡ್ಸನ್ ನದಿಯಲ್ಲಿ ಹಾಯಿದೋಣಿ ನಿಂತಾಗ ಅವನೂ ಜೊತೆಗಾರನೂ ದಡದ ಗುಡಿಸಲಿಗೆ ಹೋಗುತ್ತಾರೆ. ಬಡ ಸಂಸಾರ, ಏಳು ಮಕ್ಕಳು. ಬಣ್ಣದ ಚೌಕಟ್ಟಿನ ಕನ್ನಡಿ, ಸವೆದರೂ ಫಳಫಳ ತೊಳೆದಿಟ್ಟ ಅರ್ಧ ಡಜನ್ ಚಮಚ, ತಟ್ಟೆ, ಒಂದು ಟೀಪಾಟು. ಇವರ ಅಂತಸ್ತಿಗೆ ಇವೆಲ್ಲ ಹೆಚ್ಚಾಯಿತು ಎಂದು ಜೊತೆಗಾರನ ತೀರ್ಪು. ಮಾರಿ ಉಣ್ಣೆ ಕೊಳ್ಳಲಿ. ಮುಖ ನೋಡಲು ಮರದ ಬಕೆಟ್ಟಿನ ನೀರು ಸಾಕು. ಆ ಮನೆಯಲ್ಲಿ ಉಪಯೋಗಕ್ಕೆ ಬರುವುದು ಗಂಡಸಿನ ಕೋವಿ.

ನಮಗೆ ಸಿಕ್ಕಿದ್ದೇನು? ಒಂದು ಕನ್ನಡಿಯ ಸುದ್ದಿ, ಇಬ್ಬರು ಅತಿಥಿಗಳ ಅಹಂಕಾರ. ಆ ಮನೆಯೊಡತಿಗೆ ಕನ್ನಡಿ ಏಕೆ ಬೇಕಾಗಿತ್ತು ಎಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ವಸಾಹತುಗಳಲ್ಲಿ ಆಸ್ತಿವಂತ ಸತ್ತರೆ ಮನೆಸಾಮಾನು ಬೆಲೆಕಟ್ಟಿ ಪಟ್ಟಿ ಮಾಡುತ್ತಿದ್ದರು, ತೂತು ಬಿದ್ದ ಮಡಕೆಯವರೆಗೆ. ಆ ಒಣಪಟ್ಟಿಗಳನ್ನು ಸಾಲಾಗಿ ಇಟ್ಟು ನೋಡಿದರೆ, 18ನೇ ಶತಮಾನದಲ್ಲಿ ಕನ್ನಡಿ, ಚಹಾದ ಪಾತ್ರೆ ಸಾಧಾರಣ ಮನೆಗಳಿಗೂ ಬಂದದ್ದು ಕಾಣುತ್ತದೆ. ಆ ಹೆಂಗಸಿನ ಕನ್ನಡಿ ಅವಳ ಕಾಲದ ನಡೆಯೇ ಆಗಿತ್ತು. ಅತಿಥಿಗೆ ಅದು ಹುಚ್ಚು ಆಸೆಯಾಗಿ ಕಂಡಿತು. ಈ ಪಟ್ಟಿಗಳಿಗೂ ಕುರುಡಿದೆ: ಗುಲಾಮರನ್ನು ಅವು ಹಸುಕುದುರೆಯ ಸಾಲಿನಲ್ಲಿ ಬರೆದವು. ಆದರೂ ಅವು ನಗಿಸಲು ಹೊರಟದ್ದಲ್ಲ.

ಹ್ಯಾಮಿಲ್ಟನ್‌ನ ಜೊತೆ 1,624 ಮೈಲಿ ಇನ್ನೊಬ್ಬನೂ ಸುತ್ತಿದ್ದ: ಅವನ ಗುಲಾಮ ಡ್ರೋಮೋ. ಡ್ರೋಮೋ ಬಾಯಿ ತೆರೆಯುವುದು ಓದುಗರು ನಗಲೆಂದು. ಡಚ್ ಮಾತಾಡುವ ಆಫ್ರಿಕನ್ ಹುಡುಗಿಯನ್ನು ಅವನು ದಾರಿ ಕೇಳುತ್ತಾನೆ, ಇಬ್ಬರ ಮಾತೂ ಹೊಂದುವುದಿಲ್ಲ. ಯಜಮಾನ ಅದನ್ನು ಪ್ರಹಸನದಂತೆ ಬರೆದುಕೊಳ್ಳುತ್ತಾನೆ. ಡ್ರೋಮೋನೇ ಬರೆದಿದ್ದರೆ ಆ ದಾರಿ ಯಾವ ಪ್ರವಾಸವಾಗುತ್ತಿತ್ತು?

ನೈಟ್‌ಳ ವಿಷಯಕ್ಕೆ ಬರೋಣ. ಕನೆಕ್ಟಿಕಟ್‌ನ ರೈತರು ಗುಲಾಮರಿಗೆ ಸಲುಗೆ ಕೊಟ್ಟಿದ್ದಾರೆ, ಒಂದೇ ಮೇಜಿನಲ್ಲಿ ಕೂರಿಸಿಕೊಂಡು ಉಣ್ಣುತ್ತಾರೆ ಎಂದು ಅವಳ ದೂರು. ಒಂದೇ ತಟ್ಟೆಗೆ ಹೋಗುವ ಎರಡು ಕೈಗಳಲ್ಲಿ ಬಿಳಿಯದನ್ನು ಕೈ ಎಂದಳು, ಕರಿಯದನ್ನು ಗೊರಸು ಎಂದಳು. ‘ಚುರುಕು ಕಣ್ಣು’ ಎಂದು ಮೇಲೆ ಹೊಗಳಿದವರು ಈ ಸಾಲಿನ ಬಗ್ಗೆ ಯಾಕೆ ಸುಮ್ಮನಾದರೋ! ಅಲ್ಲಿನ ಮೂಲನಿವಾಸಿಗಳನ್ನೂ ಅವಳು ಕಾಡುಮನುಷ್ಯರೆಂದಳು. ಮ್ಯಾಸಚೂಸೆಟ್ಸ್‌ನ ವಾಂಪನೋಗ್ ಜನ ಆಗಲೇ ತಮ್ಮದೇ ನುಡಿಯಲ್ಲಿ ಜಮೀನು ಪತ್ರ ಬರೆಯುತ್ತಿದ್ದರು. 1663ರಲ್ಲೇ ಆ ನುಡಿಯಲ್ಲಿ ಬೈಬಲ್ ಅಚ್ಚಾಗಿತ್ತು. ಬಾಸ್ಟನ್ನಿನ ಕಾಗದಪತ್ರ ಬರೆಯುವಾಕೆಗೇ ಕಾಣದ ಕಾಗದಗಳು.

ಬರೆಯುವವರು ಯಾರಿಗಾಗಿ ಬರೆಯುತ್ತಾರೆಂಬುದೂ ಇದೆ. 1728ರಲ್ಲಿ ವರ್ಜೀನಿಯಾ, ಉತ್ತರ ಕ್ಯಾರೊಲಿನಾ ನಡುವೆ ಗಡಿ ಗುರುತಿಸಲು ಹೋದ ವಿಲಿಯಂ ಬರ್ಡ್ ಆ ಒಂದೇ ಪ್ರಯಾಣವನ್ನು ಎರಡು ಸಲ ಬರೆದ. ಒಂದು ದೊಡ್ಡವರಿಗೆ ತೋರಿಸಲು ತಿದ್ದಿದ್ದು. ಇನ್ನೊಂದರಲ್ಲಿ ಜೊತೆಗಾರರಿಗೆಲ್ಲ ಅಡ್ಡಹೆಸರು, ದಾರಿಯಲ್ಲಿ ಸಿಕ್ಕ ಹೆಂಗಸರ ಮೇಲೆ ಅವರು ಕೈಹಾಕಿದ ಸಂಗತಿ. ಅದು ಅಚ್ಚಾದದ್ದು 1929ರಲ್ಲಿ. ಮೊದಲನೆಯದು ಅಚ್ಚಾಗಿದ್ದ 1841ರಿಂದ ಅಲ್ಲಿಯವರೆಗೆ ಓದಿದವರು ಯಾವ ಗಡಿಯನ್ನು ನೋಡಿದರು?

ಗುಡಿಸಲಿನ ಮಕ್ಕಳು ಹ್ಯಾಮಿಲ್ಟನ್‌ನ ಜರಿ ಟೋಪಿ, ಕತ್ತಿಯನ್ನು ಕಣ್ಣು ಬಿಟ್ಟು ನೋಡುತ್ತಿದ್ದುವಂತೆ. ಆಮೇಲೆ ಹೊರಗೆ ಓಡಿ ಬ್ಲ್ಯಾಕ್‌ಬೆರಿ ಕಿತ್ತು ತಂದುಕೊಟ್ಟವು. ಅತಿಥಿಗಳು ಒಂದು ಹಿಡಿ ತಾಮ್ರದ ಚಿಲ್ಲರೆ ಹಂಚಿ ಹೊರಟರು. ದೋಣಿ ಹೋದ ಮೇಲೆ ಆ ಮಕ್ಕಳು ಟೋಪಿಯವನ ಬಗ್ಗೆ ಅಮ್ಮನಿಗೆ ಏನು ಹೇಳಿದವೋ.