ಎರಡು ಇಂಚು ನೀರು ಎಷ್ಟು ಜನರಿಗೆ ಸಾಲುತ್ತದೆ?

ಚಿತ್ರದುರ್ಗ ಜಿಲ್ಲೆಯ ನಮ್ಮ ಪುಟ್ಟ ಪಟ್ಟಣದಲ್ಲಿ ಹೊಸದಾಗಿ ಕೊಳವೆಬಾವಿಗಳನ್ನು ಕೊರೆಸುವ ಮಾತು ಮತ್ತೆ ನಡೆದಿದೆ. ಎಂಟು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಕಾಣುವ ಊರಿನವನಾದ ನಾನು ಅದನ್ನು ಬೇಡವೆನ್ನಲಾರೆ. ಆದರೆ ಕೊರೆದ ದಿನ ಬಿದ್ದ ನೀರನ್ನೇ ನಂಬಿ ಲೆಕ್ಕ ಹಾಕುವ ಪದ್ಧತಿ ಬಿಡದಿದ್ದರೆ, ಎಷ್ಟು ಬಾವಿ ಕೊರೆಸಿದರೂ ಬೇಸಿಗೆಯ ಬವಣೆ ತಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹಿಂದಿನ ಬಯಲಿನಲ್ಲಿ ಬಾವಿ ಕೊರೆಯುವಾಗ ನಾನು ಅಲ್ಲೇ ನಿಂತಿದ್ದೆ. ನಾನೂರು ಅಡಿಯವರೆಗೂ ಬರೀ ಕಲ್ಲಿನ ಪುಡಿ ಹಾರಿ, ನಿಂತವರ ಹುಬ್ಬು ಮೀಸೆಯೆಲ್ಲ ಬೂದಿ ಬಳಿದಂತಾಗಿತ್ತು. ಆಮೇಲೆ ಪುಡಿ ಹಸಿಯಾಗಿ ಒಮ್ಮೆಲೇ ನೀರು ಚಿಮ್ಮಿದಾಗ ಹೆಂಗಸರು ತೆಂಗಿನಕಾಯಿ ಒಡೆದರು. ವಿ ಆಕಾರದಲ್ಲಿ ಕತ್ತರಿಸಿದ ತಗಡನ್ನಿಟ್ಟು ಅಳೆದವರು ಎರಡು ಇಂಚು ಎಂದು ಬರೆದುಕೊಂಡು ಹೋದರು. ಅದು ಮಳೆ ಮುಗಿದ ಕಾರ್ತಿಕ ಮಾಸ. ಮರು ಬೇಸಿಗೆಯಲ್ಲಿ ಮೋಟಾರ್ ಹಾಕಿದ ಮುಕ್ಕಾಲು ಗಂಟೆಗೇ ನೀರು ಬಿಟ್ಟುಬಿಟ್ಟು ಬರತೊಡಗಿತು. ನೀರುಗಂಟಿ ಮೋಟಾರ್ ನಿಲ್ಲಿಸಿ, ನೀರು ಊರುವವರೆಗೆ ಎರಡು ಗಂಟೆ ಕಾದು, ಮತ್ತೆ ಹಾಕುತ್ತಿದ್ದರು.

ಇಂಚಿನ ಲೆಕ್ಕವನ್ನು ನಾವೆಲ್ಲ ತಪ್ಪಾಗಿ ತಿಳಿದಿದ್ದೇವೆ. ಇಂಚು ಎಂದರೆ ತಗಡಿನ ವಿ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. ಆ ತಗಡಿನ ಕಚ್ಚು ಮೇಲೆ ಹೋದಂತೆ ಅಗಲವಾಗುವುದರಿಂದ, ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ಒಂದು ಇಂಚು ನೀರೆಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚೆಂದರೆ ಸುಮಾರು 2,900 ಲೀಟರ್. ಅಂದರೆ ಎರಡು ಇಂಚಿನ ಬಾವಿ ಒಂದು ಇಂಚಿಗೆ ಇಳಿದರೆ ಕಳೆದುಹೋಗುವುದು ಅರ್ಧ ನೀರಲ್ಲ, ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು. ಒಳಚರಂಡಿ ಇಲ್ಲದ ಪಟ್ಟಣಗಳಿಗೆ ತಲಾ ದಿನಕ್ಕೆ 70 ಲೀಟರ್ ಎಂಬ ಮಾನದಂಡವನ್ನೇ ಹಿಡಿದರೂ, ದಿನಕ್ಕೆ ಹದಿನಾರು ಗಂಟೆ ಓಡುವ ಎರಡು ಇಂಚಿನ ಬಾವಿ ಸುಮಾರು 660 ಜನರಿಗೆ ಸಾಲುತ್ತದೆ. ಅದೇ ಬಾವಿ ಒಂದು ಇಂಚಿಗೆ ಬಂದಾಗ ಸಾಲುವುದು ಸುಮಾರು 115 ಜನರಿಗೆ ಮಾತ್ರ. ಕಾಗದದಲ್ಲಿ ಮಾತ್ರ ಅದು ಎರಡು ಇಂಚಿನ ಬಾವಿಯಾಗಿಯೇ ಉಳಿದಿರುತ್ತದೆ.

ನಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಒಂದೇ ಬಿರುಕಿಗೆ ಮೂರು ಬಾವಿ ಕೊರೆದರೆ ನೀರು ಮೂರು ಪಾಲಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಇನ್ನೂ ಆಳಕ್ಕೆ ಇಳಿದಲ್ಲಿ, ಬಂಡೆಯೊಡನೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಸೇರಿರುವ ಸಂಭವ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಕುದಿಸಿದರೆ ಅದು ಹೋಗುವುದಿಲ್ಲ. ಕಂದು ಕಲೆಯ ಹಲ್ಲಿನ ಮಕ್ಕಳನ್ನು ನಮ್ಮ ಸೀಮೆಯಲ್ಲಿ ನೋಡದವರು ಯಾರಿದ್ದಾರೆ?

1933ರ ನಂತರ ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಬಿದ್ದ 2022ರ ಮಳೆಯಲ್ಲಿ ನಮ್ಮ ಕೆರೆಯೂ ತುಂಬಿತು. ಏರಿಯ ಕೆಳಗೆ, ಬತ್ತಿತೆಂದು ಮುಚ್ಚಳ ಬಿಗಿದಿದ್ದ ಹಳೆಯ ಕೊಳವೆಬಾವಿಗೆ ಕೆಲವೇ ತಿಂಗಳಲ್ಲಿ ನೀರು ಬಂತು. ಅದನ್ನು ಕಣ್ಣಾರೆ ಕಂಡ ಮೇಲೂ ಕೆರೆಗೆ ಮಳೆನೀರು ತರುವ ಪೂರಕ ಕಾಲುವೆಯನ್ನು ಕಟ್ಟಡದ ಮಣ್ಣು ಸುರಿದು ಮುಚ್ಚುತ್ತಿರುವುದು ನನಗೆ ನಿಜಕ್ಕೂ ನೋವು ತಂದಿದೆ.

ಆದ್ದರಿಂದ ನಾನು ಕೇಳುತ್ತಿರುವುದು ಇಷ್ಟೇ. ಹೊಸ ಬಾವಿಯ ನೀರನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಇಪ್ಪತ್ನಾಲ್ಕು ಗಂಟೆ ಬಿಡದೆ ಎತ್ತಿ, ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೇರಿತು ಎಂದು ಬರೆದಿಟ್ಟ ನಂತರವೇ ಅದು ಎಷ್ಟು ಮನೆಗಳಿಗೆ ಸಾಲುತ್ತದೆಂದು ತೀರ್ಮಾನಿಸಬೇಕು. ಫ್ಲೋರೈಡ್ ವರದಿಯನ್ನು ಸೂಚನಾ ಫಲಕಕ್ಕೆ ಹಚ್ಚಬೇಕು. ಬಾವಿಗೆ ಹಣ ಮಂಜೂರಾಗುವಾಗಲೇ ಕಾಲುವೆಯ ಹೂಳೆತ್ತುವುದಕ್ಕೂ ಹಣ ತೆಗೆದಿರಿಸಬೇಕು. ಇದನ್ನು ಅರ್ಜಿಯಾಗಿ ಬರೆದಿದ್ದೇನೆ, ನಮ್ಮ ಬೀದಿಯವರು ಸಹಿ ಹಾಕಿದ್ದಾರೆ. ಉಳಿದ ಬೀದಿಗಳ ಅಣ್ಣತಮ್ಮಂದಿರು, ಅಕ್ಕತಂಗಿಯರು ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆ ಏರಿಯ ಬಳಿ ಬನ್ನಿ. ಕಾಲುವೆ ಎಲ್ಲೆಲ್ಲಿ ಮುಚ್ಚಿದೆ ಎಂದು ಉದ್ದಕ್ಕೂ ನಡೆದು ಗುರುತು ಹಾಕಿಕೊಂಡು, ಅದನ್ನೂ ಅರ್ಜಿಗೆ ಸೇರಿಸೋಣ.